‘ಹ್ವಾಯ್’ ಅಂದರೆ ನಿಲ್ಲುವ ಕಾರು

“ಹೌದ್, ಕೊಟ್ಟೆ. ಕಾಲಿಗೆ ನೀರ್ ಕೊಟ್ಟೆ. ಎಂತ ಈಗ?”

ಇಷ್ಟು ಹೇಳಿ ಅಮ್ಮಣ್ಣಿಯವರು ತಾಮ್ರದ ಚೊಂಬನ್ನು ಜಗಲಿಯ ಮೇಲೆ ಟಣ್ ಎಂದು ಕುಕ್ಕಿದರು.

“ಅತ್ತೆ, ಅದ್ ಕಾರ್! ಅದಕ್ಕೆಲ್ಲಿತ್ತ್ ಕಾಲ್?” ಅಳಿಯ ಉಮಾನಾಥ ತಲೆ ಮೇಲೆ ಕೈ ಹೊತ್ತ.

“ಮಂಗ್ಳೂರಿಂದ ಬಂದದ್ದ್ ಹೌದಾ ಅಲ್ದಾ? ನನ್ ಮಗ ಕಳ್ಸದ್ದ್ ಹೌದಾ ಅಲ್ದಾ? ಹಾಂಗಾರೆ ನೆಂಟ್ರೇ. ನೆಂಟ್ರ್ ಬಂದ್ರೆ ಕಾಲಿಗೆ ನೀರ್ ಕೊಡ್ದೆ ಒಳ್ಗ್ ಕರೂಕೆ ನಮ್ದ್ ಎಂತಾ ಮನೆ ಅಂದ್ಕಂಡಿ?”

“ಚಕ್ರದೊಳ್ಗೆ ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರ್ ಬಿದ್ರೆ ಸೊಟ್ಟ ಆತ್ತ್! ಸೊಟ್ಟ ಆದ್ರೆ ಬ್ರೇಕ್ ಒತ್ತುವತಿಗೆ ಸ್ಟೇರಿಂಗ್ ನಡ್ಗತ್ತ್! ನಡ್ಗಿದ್ರೆ ನಿಮ್ ಮಗ ಐತಾರ ಬಂದವ ಕೀ ತಕಂಡ್ ಹೋತ!”

ಅಮ್ಮಣ್ಣಿಯವರು ಕೋಲು ಊರಿಕೊಂಡು ಒಳಗೆ ಹೋದರು. ಆ ಕ್ಷಣದಿಂದ ಹೆಮ್ಮಾಡಿಯ ಆ ಮನೆಯಲ್ಲಿ ಅತ್ತೆ–ಅಳಿಯರ ಮಾತುಕತೆ ಸಂಪೂರ್ಣ ಸ್ಥಗಿತ. ಅಂಗಡಿಯಿಂದ ಬಂದ ಉಮಾನಾಥನ ಕಾಲಿಗೂ ನೀರಿಲ್ಲ. (ಹನ್ನೊಂದು ವರ್ಷದಲ್ಲಿ ಮೊದಲ ಸಲ!)

ಕಾರು ಉಮಾನಾಥನದ್ದಲ್ಲ, ಅವನ ಹೆಂಡತಿ ಗುಲಾಬಿಯ ತಮ್ಮ ಉಲ್ಲಾಸನದ್ದು. ಉಲ್ಲಾಸ ಮಂಗಳೂರಿನಲ್ಲಿ ಎರಡು ಹೋಟೆಲಿನ ಧಣಿ. ಅವನ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ಒಂದೇ ಜಾಗ, ಅದು ಅವನ ಹೆಂಡತಿಯ ಕಾರಿಗೆ. ಹಾಗಾಗಿ 2018ರ ಜನವರಿಯ ಒಂದು ಶುಭದಿನ ಆ ಕೆಂಪು ಕಾರು ಅಕ್ಕನ ಮನೆಗೆ ಬಂದು ಇಳಿಯಿತು. ಸಾಮಾನ್ಯ ಕಾರಲ್ಲ ಅದು! ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಹಿಂದೆ ಎರಡು ಹೊಗೆಕೊಳವೆ, “ಉಂಡಾಯ್ತಾ?” ಎಂದು ಕೇಳಿದವರಿಗೆ “ಆಯ್ತ್” ಎಂದು ಹೇಳಿ ಮುಗಿಸುವುದರೊಳಗೆ ನೂರರ ವೇಗ. ಇಪ್ಪತ್ತೆರಡು ವರ್ಷ ಸ್ಕೂಟರಿನ ಹಿಂದೆ ಪಂಪ್‌ಸೆಟ್ ಕಟ್ಟಿಕೊಂಡು ಕುಂದಾಪುರದ ಅಂಗಡಿಯಿಂದ ಗದ್ದೆಗದ್ದೆಗೆ ತಿರುಗಿದ ಉಮಾನಾಥನ ಬಾಳಿನಲ್ಲಿ ಇಂಥ ಯೋಗ ಹಿಂದೆ ಬಂದಿರಲಿಲ್ಲ, ಮುಂದೆ ಬರುವ ಲಕ್ಷಣವೂ ಇರಲಿಲ್ಲ. ಉಲ್ಲಾಸ ಹೇಳಿದ್ದು ಒಂದೇ ಮಾತು: “ಭಾವ, ಒಂದ್ ತಿಂಗ್ಳ್ ಕಾಂತೆ. ಚಂದ ನೋಡ್ಕಂಡ್ರೆ ಕೀ ದೀಪಾವಳಿ ತನ್ಕ ನಿಮ್ಮತ್ರವೇ.”

ತಿಂಗಳು ಮುಗಿಯಲು ಎಂಟು ದಿನ ಇರುವಾಗ ಗ್ರಹಚಾರ ಶುರುವಾಯಿತು. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸಾಕು, ಸ್ಟೇರಿಂಗಿಗೆ ಚಳಿಜ್ವರ. ದಡದಡದಡ! ಪಕ್ಕದಲ್ಲಿ ಕೂತ ಗುಲಾಬಿಯ ಗಾಜಿನ ಬಳೆಗಳು ತಾವಾಗಿಯೇ ಭಜನೆ ಶುರು ಮಾಡಿದವು. ಉಮಾನಾಥ ಮೊದಲು ರಸ್ತೆಯನ್ನು ಬೈದ. ಆಮೇಲೆ ಟಯರ್ ಅಂಗಡಿಯವನನ್ನು ಬೈದ. (ಒಂದು ಬೋಲ್ಟು ಬಿಗಿ, ಇನ್ನೊಂದು ಸಡಿಲ ಆದರೆ ಡಿಸ್ಕ್ ಓರೆಯಾಗುತ್ತದೆ ಎಂದು ಫೋನಿನಲ್ಲಿ ಓದಿದ್ದ.) ಆಮೇಲೆ “ಒಂದೇ ಬದಿಗೆ ಭಾರ ಜಾಸ್ತಿ ಆದ್ರೂ ಹಿಂಗಾತ್ತ್ ಕಾಣ್” ಎಂದು ಗುಲಾಬಿಯನ್ನೇ ನೋಡಿದ. ಆ ದಿನ ಊಟಕ್ಕೆ ಗಂಜಿ, ಉಪ್ಪಿನಕಾಯಿ ಮಾತ್ರ. ಕೊನೆಗೆ ಬುಧವಾರ ಸಂಜೆ ಕಾರಿನ ಮುಂದಿನ ಚಕ್ರದ ಬಳಿ ಚೊಂಬು ಹಿಡಿದು ಬಗ್ಗಿದ್ದ ಅತ್ತೆ ಕೈಗೆ ಸಿಕ್ಕಿಬಿದ್ದರು. ಉಮಾನಾಥನಿಗೆ ಹೋದ ಜೀವ ಬಂತು. ಅಪರಾಧಿ ಸಿಕ್ಕಾಯಿತು!

ಭಾನುವಾರ ಉಲ್ಲಾಸ ಬಂದ. ಬರುವಾಗ ದಾರಿಯಲ್ಲಿ ಬ್ರಹ್ಮಾವರದಿಂದ ಬಚ್ಚಣ್ಣನನ್ನೂ ಹತ್ತಿಸಿಕೊಂಡು ಬಂದಿದ್ದ. ಬಚ್ಚಣ್ಣ ಮೂವತ್ತು ವರ್ಷ ಪುಣೆಯಲ್ಲಿ ರೇಸು ಕಾರುಗಳ ಬ್ರೇಕು ಬಿಚ್ಚಿ ಕಟ್ಟಿದ ಮನುಷ್ಯ. ಮಾತಾಡಿದರೆ ಮೈಲೇಜ್ ಕಮ್ಮಿಯಾಗುತ್ತದೆ ಎಂಬಂತೆ ಸುಮ್ಮನಿರುವವ.

ಉಮಾನಾಥ ಅಂಗಳದಲ್ಲಿ ನಿಂತು ಆರೋಪಪಟ್ಟಿ ಓದಿದ. ನಿತ್ಯ ನೀರು, ಕಾದ ಡಿಸ್ಕು, ಸೊಟ್ಟ, ನಡುಕ. ಅಮ್ಮಣ್ಣಿಯವರು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಚ್ಚಣ್ಣ ಅವರ ಹತ್ತಿರ ಹೋಗಿ ಕೇಳಿದ.

“ಅಮ್ಮ, ಕಾರ್ ಬಂದ್ ಎಷ್ಟೊತ್ತಿಗೆ ನೀರ್ ಹೊಯ್ತ್ರಿ?”

“ಎಷ್ಟೊತ್ತಿಗೆ ಅಂದ್ರೆ? ಕಾರಿನ್ ಶಬ್ದ ಕೇಂತ್ ಅಂದ್ರೆ ಏಳ್ತೆ. ಮೊಣಗಂಟ್ ಕೇಂತಿಲ್ಲ, ಮತ್ತೆ ಕೂಕಂತೆ. ಕೋಲ್ ಹುಡ್ಕ್ತೆ. ಬಾವಿಕಟ್ಟೆಗೆ ಹೋತೆ. ಅಲ್ಲ್ ಕರು ಇರತ್ತ್, ಅದ್ರತ್ರ ಎರಡ್ ಮಾತಾಡ್ತೆ. ಚೊಂಬ್ ತುಂಬ್ಸಿ ಬಪ್ಪತಿಗೆ ಅರ್ಧ ಗಂಟಿ ಆಯಿರತ್ತ್.”

“ಅಷ್ಟೊತ್ತಿಗೆ ಡಿಸ್ಕ್ ತಣ್ದಿರತ್ತ್,” ಎಂದ ಬಚ್ಚಣ್ಣ. “ಕಾದದ್ದಕ್ಕೆ ಹೊಯ್ದ್ರೆ ತಪ್ಪೇ. ಆದ್ರೆ ಅಮ್ಮಂದ್ ತಪ್ಪಿಲ್ಲ.”

ಅಮ್ಮಣ್ಣಿಯವರು ಗೋಡೆಯಿಂದ ಮುಖ ತಿರುಗಿಸಿ ಅಳಿಯನನ್ನು ನೋಡಿದರು. ಆ ನೋಟಕ್ಕೆ ಡಿಸ್ಕ್ ಏನು, ಇಡೀ ಎಂಜಿನ್ನೇ ಸೊಟ್ಟ ಆಗಬೇಕಿತ್ತು.

ಬಚ್ಚಣ್ಣ ಚಕ್ರ ಕಳಚಿದ. ಗಡಿಯಾರದ ಹಾಗೆ ಮುಳ್ಳಿರುವ ಒಂದು ಮಾಪಕವನ್ನು ಡಿಸ್ಕಿಗೆ ತಾಗಿಸಿ ಮೆಲ್ಲ ತಿರುಗಿಸಿದ. ಎಲ್ಲರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಮುಳ್ಳು ಅಲ್ಲಾಡಿದ್ದು ಕಂಡೂ ಕಾಣದಷ್ಟು.

“ಸೊಟ್ಟ ಆಯ್ಲಿಲ್ಲ. ನಡ್ಗಿದ್ ಕೂಡ್ಲೇ ಎಲ್ರೂ ಸೊಟ್ಟ ಅಂತ್ರ್. ಹೆಚ್ಚಿನ ಸಲ ಅಲ್ಲ. ಇಲ್ಲ್ ಕಾಣಿ.”

ಹೊಳೆಯುವ ಡಿಸ್ಕಿನ ಮೇಲೆ ಒಂದು ಕಪ್ಪು ಕಲೆ. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡನ್ನೇ ಮಸಿಯಲ್ಲಿ ಅದ್ದಿ ಒತ್ತಿದ ಹಾಗೆ, ಅದರದ್ದೇ ಆಕಾರ.

“ಗುಲಾಬಕ್ಕ, ಕಾದ ಕಾವ್ಲಿ ಮೇಲೆ ದೋಸೆ ಹೊಯ್ದ್ ಮರ್ತ್ರೆ ಎಂತ ಆತ್ತ್?”

“ಹಿಡ್ದ್ ಕೂಕಂತ್ತ್,” ಎಂದಳು ಗುಲಾಬಿ ತಟ್ಟನೆ.

“ಅದೇ. ಜೋರ್ ಬಂದ್, ಗಟ್ಟಿ ಬ್ರೇಕ್ ಹಾಕಿ, ನಿತ್ ಮೇಲೂ ಕಾಲ್ ತೆಗಿಯದೆ ಒತ್ತ್‌ಕಂಡೇ ಇದ್ರೆ ಪ್ಯಾಡಿನ್ ಮಸಿ ಒಂದೇ ಕಡೆ ಹಿಡೀತ್ತ್. ಮತ್ತೆ ಪ್ರತೀ ಸುತ್ತಿಗೂ ಪ್ಯಾಡ್ ಅದಕ್ಕೆ ಎಡುವತ್ತ್. ಅದೇ ನಡ್ಕ.” ಬಚ್ಚಣ್ಣ ಕೈ ಒರೆಸಿಕೊಂಡ. “ಈ ಮನೆಯೊಳ್ಗೆ ಹಾಂಗೆ ನಿಲ್ಸುವರ್ ಯಾರ್?”

ಎಲ್ಲರೂ ಉಮಾನಾಥನನ್ನೇ ನೋಡಿದರು. ತೆಂಗಿನ ಮರದ ಕಾಗೆಯೂ ನೋಡಿದ ಹಾಗಾಯಿತು.

ವಿಷಯ ಇಷ್ಟೇ. ಕಾರು ಬಂದ ಮೇಲೆ ‘ಉಮಾನಾಥ ದೊಡ್ ಜನ ಆಯ್ದ, ಕಂಡ್ರೂ ನಿಲ್ಲ’ ಎಂದು ಊರವರು ಹೇಳಬಾರದಲ್ಲ! ಹಾಗಾಗಿ ಯಾರು “ಹ್ವಾಯ್” ಅಂದರೂ, ಅನ್ನದಿದ್ದರೂ, ಅನ್ನುವ ಹಾಗೆ ಕಂಡರೂ ಉಮಾನಾಥ ಬಾಣದಂತೆ ಬಂದು ಅವರ ಪಕ್ಕದಲ್ಲೇ ಗಕ್ಕನೆ ನಿಲ್ಲಿಸುತ್ತಿದ್ದ. ಗಾಜು ಇಳಿಸುತ್ತಿದ್ದ. ಮಗಳ ಮದುವೆ, ಬಾವಿಯ ಪಂಪು, ಬಂಗುಡೆಯ ದರ, ಎಲ್ಲ ವಿಚಾರಿಸುತ್ತಿದ್ದ. ಅಷ್ಟೂ ಹೊತ್ತು ಕಾಲು ಬ್ರೇಕಿನ ಮೇಲೆ. ಹ್ಯಾಂಡ್‌ಬ್ರೇಕ್ ಇತ್ತಪ್ಪ, ಆದರೆ ಅದನ್ನು ಎಳೆದರೆ ಹಿಂದಿನ ನಾಲ್ಕು ಕೆಂಪು ದೀಪ ಉರಿಯುವುದಿಲ್ಲವಲ್ಲ! ಒಮ್ಮೆ ಬಟ್ಟೆ ಅಂಗಡಿಯ ಗಾಜಿನಲ್ಲಿ ಆ ದೀಪಗಳ ವೈಭವ ಕಂಡವನು ಅದನ್ನು ಊರಿಗೆ ತಪ್ಪಿಸುವುದುಂಟೇ?

“ಡಿಸ್ಕ್ ಬದ್ಲಿಸ್ಕಾ?” ಉಲ್ಲಾಸ ಕೇಳಿದ.

“ಈಗ್ಳೇ ಬೇಡ. ಎಂಬತ್ತಕ್ಕೆ ಹೋಯಿ, ಒಂದೇ ಹದದಂಗೆ ಒತ್ತಿ ಇಪ್ಪತ್ತಕ್ಕೆ ಇಳ್ಸೂದ್. ನಿಲ್ಸೂಕಾಗ. ಮತ್ತೆ ಎಂಬತ್ತ್. ಹಾಂಗೆ ಹತ್ತ್ ಸಲ. ಹಿಡ್ದದ್ದ್ ಸಮ ಆತ್ತ್. ಮತ್ತೆ ಹತ್ತ್ ಕಿಲೋಮೀಟ್ರ್ ಸುಮ್ನೆ ಓಡ್ಸಿ ತಣ್ಸೂದ್. ಬಿಸಿ ಆರೂಕ್ ಮುಂಚೆ ನಿತ್ರೆ ಪುನಃ ದೋಸೆ.”

ಉಲ್ಲಾಸ ನಗುತ್ತ ಕೀಯನ್ನು ಭಾವನ ಕೈಗಿಟ್ಟ. “ಭಾವ, ಕಾರ್ ನೀವೇ ಬಿಡಿ. ಸಾಸ್ತಾನದ್ ಬದಿ ಬೇಡ, ಟೋಲ್ ಗೇಟಲ್ಲಿ ನಿಲ್ಕಾತ್ತ್. ಬೈಂದೂರಿಗೆ ಹೋಯಿ ಬನ್ನಿ. ಯಾರ್ ಕರ್ದ್ರೂ ನಿಲ್ದೆ ಬಂದ್ರೆ ಕೀ ದೀಪಾವಳಿ ತನ್ಕ ನಿಮ್ದ್. ಬಚ್ಚಣ್ಣ ಅಂಪೈರ್. ಲೆಕ್ಕ ಹೇಳೂಕಡ್ಡಿಲ್ಲ, ಬುದ್ಧಿ ಹೇಳೂಕಾಗ.”

ಮಹಾಯಾತ್ರೆ ಹೊರಟಿತು. ಒಂದು, ಎರಡು ಸಲೀಸು. ಮೂರನೆಯದಕ್ಕೆ ವೇಗ ಇಳಿಯುತ್ತ ಇಳಿಯುತ್ತ ಸರಿಯಾಗಿ ಇಪ್ಪತ್ತಕ್ಕೆ ಬಂದದ್ದು ಮುಳ್ಳಿಕಟ್ಟೆಯಲ್ಲಿ, ಗಂಗೊಳ್ಳಿಯ ಮೀನಿನ ಸುಗುಣಳ ಬುಟ್ಟಿಯ ಎದುರೇ!

“ಹ್ವಾಯ್ ಉಮಾನಾಥಣ್ಣ! ಅಂಜಲ್ ತೆಗ್ದ್ ಇಟ್ಟಿದೆ!”

ಭಾನುವಾರದ ಊಟಕ್ಕೆ ಅಂಜಲ್ ಮೀನು! ಉಮಾನಾಥನ ಬಲಗಾಲಿಗೆ ಬೆವರು ಬಂತು. ಸುಗುಣ ಕಾರು ನಿಂತೇಬಿಟ್ಟಿತು ಎಂದುಕೊಂಡು ಕಿಟಕಿಗೆ ಕೈ ಹಾಕಲು ಬಂದಳು. ಉಮಾನಾಥ ಹಲ್ಲು ಕಚ್ಚಿ ಎಕ್ಸಲರೇಟರ್ ತುಳಿದ. ಅಂಜಲ್ ಹಿಡಿದ ಕೈ ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಯಿತು.

“ಮೂರ್,” ಎಂದ ಬಚ್ಚಣ್ಣ.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಎರಡನ್ನೂ ನೋಡಲಿಲ್ಲ. ನೋಡಿದರೆ ಯಾರಾದರೂ ಗುರ್ತದವರು ಕಾಣಬೇಕೇ! ನಾವುಂದದಲ್ಲಿ ಮಾತ್ರ ಬೇಡವೆಂದರೂ ಕಣ್ಣು ಹೋಯಿತು. ಬಸ್ ಸ್ಟಾಪಿನಲ್ಲಿ ಕೊಡೆ ಎತ್ತಿ ನಿಂತಿದ್ದವರು ಚಂದಯ್ಯ ಮಾಷ್ಟ್ರು. ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಎಂಬತ್ತು ವರ್ಷ. ಸುಡು ಬಿಸಿಲು.

“ಬಚ್ಚಣ್ಣ, ಇದೊಂದ್...”

ಬಚ್ಚಣ್ಣ ಕಿಟಕಿಯ ಹೊರಗೆ ನೋಡಿದ. ಅಂಪೈರಿಗೆ ಕಿವಿಯಿಲ್ಲ.

“ಮಾಷ್ಟ್ರೇ, ತಪ್ಪಾಯ್ತ್!” ಎಂದು ಕೂಗಿ ಉಮಾನಾಥ ಹಾದುಹೋದ. ಗಾಳಿಗೆ ಮಾಷ್ಟ್ರ ಕೊಡೆ ಮೇಲ್ಮುಖವಾಗಿ ಅರಳಿತು. ಉಮಾನಾಥನ ಕಣ್ಣಲ್ಲಿ ನೀರು. ಬೈಂದೂರಿನಲ್ಲಿ ಮೆಲ್ಲ ತಿರುಗಿಸಿ ವಾಪಸ್ಸು ಬಂದರೆ ಮಾಷ್ಟ್ರು ಇನ್ನೂ ರಸ್ತೆಯ ಆಚೆ ಅಲ್ಲೇ ನಿಂತು ಯಾರದೋ ಫೋನಿನಲ್ಲಿ ಮಾತಾಡುತ್ತಿದ್ದರು!

ಏಳು. ಎಂಟು. ತ್ರಾಸಿಯಲ್ಲಿ ಒಂಬತ್ತು. ಮುಳ್ಳಿಕಟ್ಟೆ ದಾಟಿದ ಮೇಲೆ ಕೊನೆಯದು. ಉಮಾನಾಥ ದೇವರ ಹೆಸರು ಹೇಳಿ ಬ್ರೇಕ್ ಒತ್ತಿದ. ಎಂಬತ್ತು, ಅರವತ್ತು, ನಲವತ್ತು, ಇಪ್ಪತ್ತು. ಸ್ಟೇರಿಂಗ್ ತೊಟ್ಟಿಲಲ್ಲಿ ಮಲಗಿದ ಶಿಶುವಿನ ಹಾಗೆ ತೆಪ್ಪಗಿತ್ತು! ನಡುಕದ ಸುಳಿವಿಲ್ಲ!

“ಹತ್ತ್,” ಎಂದ ಬಚ್ಚಣ್ಣ. ಅವನ ಮೀಸೆಯಡಿಯಲ್ಲಿ ನಗುವಿನಂಥದ್ದೇನೋ ಹಾದುಹೋಯಿತು.

ಇನ್ನು ಮನೆ ದಾಟಿ ಕುಂದಾಪುರದವರೆಗೆ ಹೋಗಿ ಬಂದರೆ ಬ್ರೇಕು ತಣ್ಣಗೆ, ಕೀ ತನ್ನದು. ಅಷ್ಟೇ ಬಾಕಿ.

ಆದರೆ ಅತ್ತ ಮನೆಯಲ್ಲಿ ಫೋನಿನ ಮೇಲೆ ಫೋನು. “ಗುಲಾಬಕ್ಕ, ಅಣ್ಣ ಕರ್ದ್ರೂ ನಿಲ್ಲಲಿಲ್ಲ! ಅಂಜಲ್ ಅಂದ್ರೂ ನಿಲ್ಲಲಿಲ್ಲ! ಯಾರಿಗ್ ಸೀರಿಯಸ್?” ಎಂದು ಸುಗುಣ. “ಅವ್ನ್ ನಂಗೆ ಮೂರನೇ ಕ್ಲಾಸಿಂದ ಗೊತ್ತಿತ್ತ್. ನಿಲ್ದೆ ಹೋಪವ ಅಲ್ಲ. ತಲೆಗೆ ಎಂತದೋ ಆಯ್ತ್” ಎಂದು ಮಾಷ್ಟ್ರು. ಉಲ್ಲಾಸ ಎಷ್ಟು ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ. ಅಕ್ಕಪಕ್ಕದ ಇಪ್ಪತ್ತು ಜನ ಸೇರಿದರು. ಅಮ್ಮಣ್ಣಿಯವರು ಚೊಂಬು ಹಿಡಿದು ಹೈವೇಯ ಅಂಚಿಗೇ ಬಂದು ನಿಂತರು.

ಕೆಂಪು ಕಾರು ಕಂಡದ್ದೇ ತಡ, ಅಳಿಯನ ಪಾಲಿಗೆ ನಾಲ್ಕು ದಿನದಿಂದ ಮುಚ್ಚಿದ್ದ ಬಾಯಿ ತೆರೆಯಿತು.

“ಹ್ವಾಯ್! ಅಳಿಯಾ!”

ಅತ್ತೆ ಕರೆದರು! ಮಾತು ಬಿಟ್ಟಿದ್ದ ಅತ್ತೆ! ಉಮಾನಾಥ ಗಕ್ಕನೆ ಬ್ರೇಕ್ ಒತ್ತಿ, ಓಣಿಯ ಇಳಿಜಾರಿಗೆ ತಿರುಗಿಸಿ, ಜನರ ನಡುವೆ ನಿಲ್ಲಿಸಿ, ಗಾಜು ಇಳಿಸಿದ. ಹಿಂದೆ ನಾಲ್ಕು ಕೆಂಪು ದೀಪ ಧಗಧಗ.

“ಎಂತ ಆಯ್ತಾ ನಿಂಗೆ? ಯಾರಿಗೂ ನಿಲ್ಲಲಿಲ್ಲ ಅಂಬ್ರಲೆ?”

“ನಿಲ್ಲಲಿಲ್ಲ ಅತ್ತೆ! ಒಬ್ಬರಿಗೂ ನಿಲ್ಲಲಿಲ್ಲ!” ಎಂದು ಶುರು ಮಾಡಿದ ಉಮಾನಾಥ. ಅಂಜಲಿನ ಪ್ರಸಂಗ ಹೇಳಿದ. ಮಾಷ್ಟ್ರ ಕೊಡೆಯನ್ನು ಅಭಿನಯಿಸಿ ತೋರಿಸಿದ. ನಡುವೆ ಬಂದವರಿಗೆ ಮೊದಲಿನಿಂದ ಇನ್ನೊಮ್ಮೆ ಹೇಳಿದ. “ಮನ್ಸ್ ಗಟ್ಟಿ ಬೇಕ್ ಮಾರಾಯ್ರೆ! ಎಲ್ಲಿಯಾರೂ ನಿತ್ರೆ ಕತೆ ಮುಗೀತ್!” ಉಲ್ಲಾಸ ಹಲಸಿನ ಮರಕ್ಕೆ ಒರಗಿ ಸುಮ್ಮನೆ ನೋಡುತ್ತಿದ್ದ. ಬಚ್ಚಣ್ಣ ಗಡಿಯಾರ ನೋಡುತ್ತಿದ್ದ. ಏನೋ ಸುಟ್ಟ ವಾಸನೆ ಬಂತು. ಗುಲಾಬಿ ಒಲೆಯ ಮೇಲೆ ಏನಾದರೂ ಇಟ್ಟಿದ್ದೆನೇ ಎಂದು ನೆನಪು ಮಾಡಿಕೊಂಡಳು.

“ಹದಿಮೂರ್ ನಿಮಿಷ,” ಎಂದು ಬಚ್ಚಣ್ಣ ಕೊನೆಗೆ ಬಾಯಿಬಿಟ್ಟ. “ಕಾಲ್ ಎಲ್ಲಿತ್ತ್?”

ಉಮಾನಾಥ ಬಗ್ಗಿ ನೋಡಿದ. ಕಾಲು ಇದ್ದಲ್ಲೇ ಇತ್ತು.

ಬಚ್ಚಣ್ಣ ಮೆಲ್ಲ ತೋರುಬೆರಳು ಎತ್ತಿದ. ಔಟ್.

ಹೈವೇಗೆ ಹೋಗಿ ಎಂಬತ್ತಕ್ಕೆ ಏರಿಸಿ ಬ್ರೇಕ್ ಒತ್ತಿ ನೋಡಿದರು. ದಡದಡದಡ! ತೊಟ್ಟಿಲ ಶಿಶುವಿಗೆ ಮತ್ತೆ ಚಳಿಜ್ವರ.

ಸಂಜೆ ಹೊರಡುವಾಗ ಉಲ್ಲಾಸ ಕೀಯನ್ನು ಅಮ್ಮನ ಸೆರಗಿನ ತುದಿಗೆ ತಾನೇ ಗಂಟು ಹಾಕಿದ. ಉಮಾನಾಥ ಸ್ಕೂಟರಿನ ಧೂಳು ಒರೆಸುತ್ತ ನಿಂತಿದ್ದ. ಅವನ ಮುಖ ನೋಡಿ ಉಲ್ಲಾಸನಿಗೇ ಪಾಪ ಅನ್ನಿಸಿತು.

“ಬೇಜಾರ್ ಮಾಡ್ಕಣ್ಬೇಡಿ ಭಾವ. ಬಪ್ಪ ಐತಾರ ಬಚ್ಚಣ್ಣನ್ ಕರ್ಕಂಡ್ ಮತ್ತೆ ಬತ್ತೆ. ಹತ್ತ್ ಸಲ, ಬೈಂದೂರ್. ಇನ್ನೊಂದ್ ಚಾನ್ಸ್.”

“ಬಾ ಮಗ, ಬಾ,” ಎಂದರು ಅಮ್ಮಣ್ಣಿಯವರು. ಅಳಿಯನ ಕಾಲಿಗೆ ಒಂದು ಚೊಂಬು ನೀರು ಸುರಿದು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಜಗಲಿಯಲ್ಲಿ ಕೂತರು. “ಈ ಸಲ ನಾನೂ ಒಟ್ಟಿಗೆ ಕೂಕಂತೆ. ಇವ ಹೊರಡುಕ್ ಮುಂಚೆ ಬಾಯ್ ತುಂಬ ಒಂದ್ ಕವಳ ತುಂಬ್ಸ್ತೆ. ಬೈಂದೂರ್ ಹೋಯಿ ಬಪ್ಪಲ್ಲಿವರಿಗೆ ಉಗುಳೂಕಾಗ ಅಂತ ಹೇಳ್ತೆ.”