ರಾಜಾರಾಮನ ಮನಿಸಾಲಿ

ತಿಕೋಟಾದ ದರ್ಜಿ ರಾಜಾರಾಮನ ಮಗಳು ದಾನೇಶ್ವರಿ ಸಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಓಣಿಯ ಹುಡುಗರೆಲ್ಲ ಕಿಕ್ಕಿರಿದ ಮೂರನೆಯ ತರಗತಿಯಲ್ಲಿ ಹಿಂದಿನ ಗೋಡೆಗೆ ಒರಗಿ ಕೂತು ಎದ್ದು ಬರುತ್ತಿದ್ದಳು. ಮೊನ್ನೆ ಪಾಠ ಹೇಳುವ ಅಕ್ಕೋರೇ ರಾಜಾರಾಮನನ್ನು ಕರೆಸಿ, “ಈಕಿಗೆ ಮಾತು ಬರ್ತಾವೇನ್ರಿ?” ಎಂದು ಕೇಳಿಬಿಟ್ಟರು. ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ! ರಾಜಾರಾಮನ ಹೊಲಿಗೆ ಮನೆಯಲ್ಲೇ, ತಾನೂ ಪಿಯುಸಿ ಓದಿದವನು. ಮನೆಯಲ್ಲೇ ಕಲಿಸಿದರೆ ಹೇಗೆ? ಹೆಂಡತಿ ಬಬಲೇಶ್ವರದ ತವರಿಗೆ ಹೋಗಿದ್ದಳು. ಅವಳು ಬರುವುದರೊಳಗೆ ಒಂದು ದಿನ ಮಾಡಿ ನೋಡೋಣವೆಂದುಕೊಂಡ.

ಅಲ್ಲಿಯವರೆಗೆ ತಪ್ಪೇನಿಲ್ಲ. ಅವ್ವ ಮಾಳವ್ವನಿಗೆ ಹೇಳಿದ, ಕೆಟ್ಟ.

“ಪೂಜಿ ಇಲ್ಲದ ಪಾಟಿ ಹಿಡಸ್ತಿ ಏನಲೇ?” ಎಂದು ಮಾಳವ್ವ ಪಾಟಿಗೆ ಕುಂಕುಮ ಹಚ್ಚಿ ಕಾಯಿ ಒಡೆಸಿದಳು. ಅಷ್ಟಕ್ಕೆ ಬಿಟ್ಟಳೇ? ಚುರುಮುರಿ, ಸಕ್ಕರೆ ಬುಟ್ಟಿಗೆ ತುಂಬಿಕೊಂಡು ಓಣಿಯ ಮನೆಮನೆಗೂ ಹಂಚಿದಳು. “ನಮ್ಮ ರಾಜಾರಾಮ ಮನ್ಯಾಗ ಸಾಲಿ ಚಾಲೂ ಮಾಡ್ಯಾನ, ಪ್ರಸಾದ ತಗೋರಿ!”

ಮೊದಲಿಗೆ ಎಲ್ಲವೂ ಚೆನ್ನಾಗಿಯೇ ಇತ್ತು. ದಾನೇಶ್ವರಿ ಗಟ್ಟಿಯಾಗಿ ಪದ್ಯ ಹೇಳಿದಳು. ರಾಜಾರಾಮನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಎದುರುಮನೆಯ ಹುಲಿಗೆವ್ವ ಇಬ್ಬರು ಮೊಮ್ಮಕ್ಕಳನ್ನು ದರದರ ಎಳೆದುಕೊಂಡು ಬಂದಳು.

“ಇವ್ರನ್ನೂ ಕುಂದರಸ್ಕೋ ಯಪ್ಪಾ.”

“ಯಕ್ಕಾ, ಇದು ನಮ್ಮ ಹುಡುಗಿಗಷ್ಟ...”

“ಪ್ರಸಾದ ಓಣಿಗೆಲ್ಲಾ, ವಿದ್ಯಾ ನಿನ್ನ ಮಗಳಿಗಷ್ಟ ಏನು?”

ರಾಜಾರಾಮ ಸರಿದು ಜಾಗ ಮಾಡಿಕೊಟ್ಟ. ಹಿಂದೆಯೇ ಮಗ್ಗುಲು ಮನೆಯ ಸುಭಾಷ ತನ್ನ ಮೂವರು ಪುಂಡ ಮಕ್ಕಳನ್ನು ಬೈಕಿನಿಂದ ಇಳಿಸಿದ. “ವಿಜಯಪುರಕ್ಕ ಹೊಂಟೇನ್ರಿ, ಗಾಂಧಿ ಚೌಕದಾಗ ಕೆಲಸ ಐತಿ. ಸಂಜಿಮಟಾ ಇರ್ಲಿ. ಬೇಕಾದ್ರ ಬಡೀರಿ, ನಂದೇನೂ ತಕರಾರಿಲ್ಲ!”

ಮಧ್ಯಾಹ್ನದ ಹೊತ್ತಿಗೆ ಓಣಿಯ ಹುಡುಗರೆಲ್ಲ ಸಾಲೆ ಬಿಟ್ಟು ಬಂದು ಸೇರಿ ಪಡಸಾಲೆ ಸಂತೆಯ ದಿನದ ಬಸ್ಸಿನಂತಾಗಿತ್ತು. ಒಬ್ಬ ಹೊಲಿಗೆ ಯಂತ್ರ ತುಳಿದು ಯಾರದೋ ಜಂಪರಿನ ತೋಳಿನ ಬಾಯಿಯನ್ನೇ ಹೊಲಿದುಬಿಟ್ಟ. “ಸುಮ್ಮ ಕುಂದರ್ರಲೇ!” ಎಂದು ಕೂಗಿ ಕೂಗಿ ರಾಜಾರಾಮನ ಗಂಟಲು ಬಿದ್ದುಹೋಯಿತು. ತಿರುಗಿ ನೋಡಿದರೆ ದಾನೇಶ್ವರಿ ಹಿಂದಿನ ಗೋಡೆಗೆ ಒರಗಿ ಬಾಯಿ ಮುಚ್ಚಿ ಕೂತಿದ್ದಳು. ಅಯ್ಯೋ ನನ್ನ ಹಣೆಬರಹವೇ, ಸಾಲೆಯ ಗದ್ದಲವನ್ನೇ ಹೊತ್ತು ಮನೆಗೆ ತಂದೆನಲ್ಲ ಎಂದು ಅವನಿಗೆ ಅಳು ಬಂತು.

ಊಟದ ನಂತರ ನೋಡಿದರೆ ಮಗಳೂ ಇಲ್ಲ, ಅವಳ ಚೀಲವೂ ಇಲ್ಲ. ಹುಡುಗರನ್ನು ಅವ್ವನಿಗೆ ಒಪ್ಪಿಸಿ ಎದ್ದೆನೋ ಬಿದ್ದೆನೋ ಎಂದು ಸಾಲೆಗೆ ಓಡಿದ. ಗೇಟಿನ ಹತ್ತಿರವೇ ಮಗಳ ದನಿ ಕೇಳಿತು.

ಕಿಟಕಿಯಲ್ಲಿ ಇಣುಕಿದ. ತರಗತಿ ಖಾಲಿಯಾಗಿ ಭಣಭಣ ಎನ್ನುತ್ತಿತ್ತು. ಅಕ್ಕೋರ ಪಕ್ಕದಲ್ಲೇ ಕೂತು ದಾನೇಶ್ವರಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು.

“ಏನ್ ಚಂದ ಓದ್ತಾಳ್ರಿ ನಿಮ್ಮ ಹುಡುಗಿ! ಆ ಗದ್ದಲದಾಗ ನನಗ ಗೊತ್ತಽ ಆಗಿದ್ದಿಲ್ಲ,” ಎಂದರು ಅಕ್ಕೋರು. “ಉಳಿದವ್ರು ಇವತ್ತ ಎಲ್ಲಿ ಹಾಳಾಗಿ ಹೋಗ್ಯಾರೋ!”

ದಾನೇಶ್ವರಿ ಕಿಟಕಿಗೆ ಓಡಿ ಬಂದು ಅಪ್ಪನ ಕೈ ಹಿಡಿದು ಪಿಸುಗುಟ್ಟಿದಳು:

“ಅಪ್ಪಾ, ಇನ್ನ ನಾ ದಿನಾ ಇಲ್ಲೇ ಕಲೀತೇನಿ. ನೀ ಲಗೂನ ಮನಿಗಿ ಹೋಗು, ಅವ್ರ್ಯಾರನ್ನೂ ಸಾಲಿಗಿ ಬಿಡಬ್ಯಾಡ!”