ಗುಡ್ಡ ಹತ್ತಿದ ಬೀಗರು

ಮಗಳನ್ನು ನೋಡಲು ಸಿರುಗುಪ್ಪದಿಂದ ಗಂಡಿನ ಕಡೆಯವರು ಬರುವ ದಿನ, ಎಲೆ ಅಡಿಕೆ ತರಲು ಹೋದ ಗಂಡಸು ಎಲೆ ಅಡಿಕೆ ತಗೊಂಡು ನೆಟ್ಟಗೆ ಮನೆಗೆ ಬರಬೇಕು. ಕುರುಗೋಡಿನ ಗಾದಿಲಿಂಗಪ್ಪ ಮೇಷ್ಟ್ರು ಗುಡ್ಡ ಹತ್ತಿದರು.

ತಪ್ಪು ಗುಡ್ಡದ್ದೇ ಅನ್ನಿ. ಊರಂಚಿಗೇ ಇದೆ, ಬಾಯೊಳಗಿನ ಎಲೆ ಅಡಿಕೆ ಮುಗಿಯೋದರೊಳಗೆ ತುದಿ ಸಿಗುತ್ತದೆ. ಮೇಷ್ಟ್ರಿಗೆ ದೂರದೂರಿನವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊ ಲೈಸೆನ್ಸು ಹೊಸದಾಗಿ ಬಂದಿತ್ತು. ಮನೆಯಲ್ಲಿ ಕೂತು ಎಷ್ಟು ಕೂಗಿದರೂ ಪಕ್ಕದ ಬಳ್ಳಾರಿ ಕೂಡ ಓಗೊಟ್ಟಿರಲಿಲ್ಲ. ಎತ್ತರದಿಂದ ಕೂಗಿದರೆ ದನಿ ದೂರ ಹೋಗುತ್ತದಂತೆ. 'ಈಗ ಹೋದೆ, ಈಗ ಬಂದೆ' ಎಂದುಕೊಂಡು ರೇಡಿಯೊ ಪೆಟ್ಟಿಗೆ, ಬ್ಯಾಟರಿ ಹೊತ್ತೇಬಿಟ್ಟರು.

ಬಂಡೆಯಿಂದ ಬೇವಿನ ಗಿಡಕ್ಕೆ ತಂತಿ ಬಿಗಿದು, ಕಿವಿಗೆ ಹೆಡ್‌ಫೋನ್ ಸಿಗಿಸಿ, ಗಂಟಲು ಹರಿಯುವಂತೆ ಕೂಗಿದರು. ಬಿಸಿಲು ನೆತ್ತಿಗೇರಿದಾಗ ಮೈಸೂರಿನಿಂದ ಯಾರೋ ಪುಣ್ಯಾತ್ಮ ಕನ್ನಡದಲ್ಲೇ ಓಗೊಟ್ಟ. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು!

ಆಡು ಮೇಯಿಸುತ್ತಿದ್ದ ಪಕ್ಕದ ಮನೆಯ ಗಾದೆಮ್ಮನಿಗೆ ಕಂಡದ್ದೇ ಬೇರೆ. ನಡುಮಧ್ಯಾಹ್ನ, ಗುಡ್ಡದ ಮೇಲೆ ಒಬ್ಬರೇ ಮೇಷ್ಟ್ರು, ಕಣ್ಣು ಮುಚ್ಚಿಕೊಂಡು, "ಯಾರ್ರಿ ನೀವು? ಯಾವ ಊರ್ರಿ? ನನ್ನ ಬಿಟ್ಟು ಹೋಗಬ್ಯಾಡ್ರೀ!" ಅಂತ ಗೋಗರೆಯುತ್ತಿದ್ದಾರೆ.

"ಎಲ್ಲಾರೂ ದೆವ್ವಕ್ಕ ಬಿಟ್ಟು ಹೋಗು ಅಂತಾರ, ಇವ ಹೋಗಬ್ಯಾಡ ಅಂತಾನಲ್ಲೋ ಶಿವನೇ!" ಎಂದು ಆಡುಗಳನ್ನು ಅಲ್ಲೇ ಬಿಟ್ಟು ಓಡಿದಳು.

ಮೇಷ್ಟ್ರ ಮನೆಯಲ್ಲಿ ಗಂಡಿನ ಅಪ್ಪ ಕೊಟ್ಟೂರಪ್ಪ ಆಗತಾನೇ ವಗ್ಗಾಣಿ ಮಿರ್ಚಿಗೆ ಕೈ ಹಾಕಿದ್ದರು.

"ಚನ್ನವೀರಮ್ಮಾ! ನಿನ ಗಂಡಗ ಗಾಳಿ ಬಡದೈತಿ, ಓಡಿ ಬಾರವ್ವಾ!"

ಚನ್ನವೀರಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹುಚ್ಚರ ಮನೆಯ ಹೆಣ್ಣೋ ಏನೋ, ಖಾತ್ರಿ ಮಾಡಿಕೊಳ್ಳೋಣ ಅಂತ ಬೀಗರೂ ಮಗನನ್ನು ಕರೆದುಕೊಂಡು ಹಿಂದೆಯೇ ಗುಡ್ಡ ಹತ್ತಿದರು.

ಗಾದೆಮ್ಮ ಮನೆಯಿಂದ ತಂದ ನಿಂಬೆಹಣ್ಣು ಹಿಂಡಿ ಮೇಷ್ಟ್ರ ನೆತ್ತಿಗೆ ತಿಕ್ಕಿ, ಬೇವಿನ ಸೊಪ್ಪಿನಿಂದ ಬಾರಿಸಿದಳು. ತಂತಿ ಕಿತ್ತು ಬಂತು.

"ಅಯ್ಯಯ್ಯೋ, ಮೈಸೂರು ಹೋತಲ್ಲಬೇ!"

"ರೀ, ನಿಮ್ಮ ಕಾಲಿಗೆ ಬೀಳತೀನಿ, ನೆಟ್ಟಗ ಮಾತಾಡ್ರಿ. ಮಗಳ ಮದಿವಿ ಮುರೀತೈತಿ," ಅಂತ ಚನ್ನವೀರಮ್ಮ ಗೊಳೋ ಅಂದಳು.

"ಇದು ರೇಡಿಯೊ ಬೇ! ಸರಕಾರದ್ದು ಲೈಸೆನ್ಸ್ ಐತಿ!" ಅಂದರೆ ಕೇಳೋರು ಯಾರು?

ಕೊಟ್ಟೂರಪ್ಪ ಮೆಲ್ಲಗೆ ಮುಂದೆ ಬಂದರು. ಪೆಟ್ಟಿಗೆ ನೋಡಿದರು. ತಂತಿ ನೋಡಿದರು. "ಇಷ್ಟು ಕೆಳಗ ಕಟ್ಟಿದ್ರ ಹೆಂಗ್ರಿ ಮೇಷ್ಟ್ರೇ?" ಅಂದವರೇ ಧೋತರ ಮೇಲೆ ಕಟ್ಟಿ, ತಂತಿ ಕಚ್ಚಿಕೊಂಡು ಬೇವಿನ ಗಿಡ ಏರಿಬಿಟ್ಟರು. "ನಂದೂ ಲೈಸೆನ್ಸ್ ಐತ್ರಿ! ಹೆಣ್ಣು ಒಪ್ಪಿಗಿ ಐತಿ! ಇಂಥಾ ಬೀಗ ಇನ್ನೆಲ್ಲಿ ಸಿಗಬೇಕು?"

ಮೇಷ್ಟ್ರ ಕಣ್ಣು ತುಂಬಿತು. ಗಾದೆಮ್ಮನ ಕೈಯ ಸೊಪ್ಪು ಕೆಳಗಿಳಿಯಿತು.

ಗಂಡಿನ ತಾಯಿ ವೀರಭದ್ರಮ್ಮ ಮಗನ ರಟ್ಟೆ ಹಿಡಿದು ಚನ್ನವೀರಮ್ಮನ ಕಡೆ ತಿರುಗಿದಳು.

"ಗಾಳಿ ಬಡದಿದ್ರ ನಾ ಒಪ್ಪತಿದ್ದೆ ಯಕ್ಕಾ, ನಿಂಬಿಹಣ್ಣಿಗೆ ಬಿಡತೈತಿ. ಇದು ಬಿಡೂದಲ್ಲ. ನಮ್ಮ ಮನಿಯಾರ ಪೆಟ್ಟಿಗಿ ಅಟ್ಟಕ್ಕ ಹಾಕಿ ಬೀಗ ಜಡದು ಈಗರ ಉಸಿರು ಬಿಟ್ಟೀನಿ. ಇವರಿಬ್ರೂ ಬೀಗರಾದ್ರ ನನ್ನ ಗತಿ ಏನು?"

ಮಗನನ್ನು ಎಳೆದುಕೊಂಡು ಗುಡ್ಡ ಇಳಿದೇಬಿಟ್ಟಳು.

"ಮೇಷ್ಟ್ರೇ, ಈಗ ಕೂಗ್ರಿ!" ಅಂದರು ಗಿಡದ ಮೇಲಿನ ಕೊಟ್ಟೂರಪ್ಪ.

ಚನ್ನವೀರಮ್ಮ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ಗಾದೆಮ್ಮನ ಕೈಯಿಂದ ಬೇವಿನ ಸೊಪ್ಪು ಇಸಕೊಂಡಳು.

"ಎಲಿ ಅಡಿಕಿ ಎಲ್ರಿ?"