ಬರಿಗುಂಡಿನ ಕೋಳಿ

ಡೆಲ್ಮರ್ ಶಾಫ್ನರ್‌ನ ಕೊರಳಲ್ಲಿ ಮೂರು ವರ್ಷದಿಂದ ಒಂದು ಕೋಳಿ ನೇತಾಡುತ್ತಿತ್ತು.

ಮರದ ಕೋಳಿ. ಒಳ್ಳೆ ಕುಂಬಳಕಾಯಿಯಷ್ಟು ತೂಕ. ಹೆಸರು ಗರ್ಟ್ರೂಡ್. ಲಾರೆಲ್ ಕಣಿವೆಯ ಚಕಮಕಿ ಕೋವಿ ಸಂಘದಲ್ಲಿ ಯಾರಾದರೂ ಮದ್ದು ಹಾಕುವುದನ್ನು ಮರೆತು ಬರೀ ಗುಂಡನ್ನು ನಳಿಗೆಗೆ ತಳ್ಳಿದರೆ, ಆ ಪುಣ್ಯಾತ್ಮ ಗರ್ಟ್ರೂಡಳನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಇನ್ನೊಬ್ಬ ಅದೇ ತಪ್ಪು ಮಾಡುವವರೆಗೆ ಬಿಡುಗಡೆಯಿಲ್ಲ. ಬಾಯಿಂದ ತುಂಬುವ ಈ ಕೋವಿಗಳಿಗೆ ಮೊದಲು ಮದ್ದು ಸುರಿಯಬೇಕು, ಆಮೇಲೆ ಬಟ್ಟೆಚೂರಿನಲ್ಲಿ ಸುತ್ತಿದ ಗುಂಡನ್ನು ಕೋಲಿನಿಂದ ತಳದವರೆಗೆ ತಳ್ಳಬೇಕು. ಮದ್ದಿಲ್ಲದೆ ಒಳಹೊಕ್ಕ ಗುಂಡು ಅತ್ತೆಮನೆ ಸೇರಿದ ಅಳಿಯನ ಹಾಗೆ, ಹೊರಡುವ ಮಾತೇ ಆಡುವುದಿಲ್ಲ. ಸಂಘದವರು ಅದನ್ನು ‘ಬರಿಗುಂಡು’ ಎನ್ನುತ್ತಿದ್ದರು.

ಕೋಳಿಯ ಭಾರವನ್ನಾದರೂ ಹೊರಬಹುದಿತ್ತು. ಆದರೆ ಕ್ರಿಸ್‌ಮಸ್ ಕಳೆದು ಹಿಮ ಬಿದ್ದ ಮೇಲೆ, ಪೆನ್ಸಿಲ್ವೇನಿಯಾದ ಕಾಡು ಚಕಮಕಿ ಕೋವಿಯವರಿಗೆಂದೇ ತೆರೆದಿರುವ ಆ ದಿನಗಳಲ್ಲಿ, ಕೋಳಿ ಹೊತ್ತವನು ಜಿಂಕೆಬೇಟೆಗೆ ಹೋಗುವಂತಿಲ್ಲ. ಬಿಡಾರದಲ್ಲೇ ಕೂತು ಎಲ್ಲರಿಗೂ ಬೀನ್ಸ್ ಬೇಯಿಸಬೇಕು. ಮೂರು ಚಳಿಗಾಲವೂ ಡೆಲ್ಮರ್ ಸೌಟು ಹಿಡಿದು ಬಾಗಿಲಲ್ಲಿ ನಿಂತು, ಉಳಿದವರೆಲ್ಲ ಬರ್ನೆಲ್ ಕೆಪ್ನರ್‌ನ ಹಿಂದೆ ಸಾಲಾಗಿ ಕಾಡು ಹೊಗುವುದನ್ನು ನೋಡಿದ್ದ. ಬರ್ನೆಲ್ ತಾತನ ಹಿಂದೆ ಒಂದೇ ಒಂದು ಸಲ ಆ ಹಿಮದಲ್ಲಿ ನಡೆದರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಬರ್ನೆಲ್‌ಗೆ ಎಂಬತ್ತು ದಾಟಿತ್ತು. ಅವನ ಕೋವಿಯಲ್ಲಿ ಬರಿಗುಂಡು ಹೊಕ್ಕಿದ್ದನ್ನು ಕಂಡವರೇ ಇರಲಿಲ್ಲ. ಅವನು ಹತ್ತಿರ ಬಂದರೆ ಜನರ ದನಿ ತಾನಾಗಿ ತಗ್ಗುತ್ತಿತ್ತು. ಊಟದ ಮೇಜಿನಲ್ಲಿ ಅವನ ಪಕ್ಕದ ಜಾಗ ಯಾವಾಗಲೂ ಖಾಲಿ; ಅಂಥವನ ಪಕ್ಕ ಕೂತು ಬಾಯಲ್ಲಿ ಪೈ ತುಂಬಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಥ ಬರ್ನೆಲ್ ಹೋದ ವಾರ ಡೆಲ್ಮರ್‌ನನ್ನು ಕರೆದು, “ಕೈ ನಡುಗತ್ತೆ ಕಣಯ್ಯ, ಇಷ್ಟುದ್ದದ್ದು ಹಿಡಿಯಕ್ಕಾಗಲ್ಲ. ನೀನು ತಗೋತೀಯಾ?” ಎಂದು ತನ್ನ ಕೋವಿಯನ್ನೇ ಮಾರಿಬಿಟ್ಟಿದ್ದ.

ನಿಜ ಹೇಳಬೇಕೆಂದರೆ ಅದು ಅಸಲಿ ಹಳೆಯ ಕೋವಿಯಲ್ಲ, ಇನ್ನೂರು ವರ್ಷದ ಹಿಂದಿನದರ ನಕಲು. ಆದರೆ ಎಂಥ ನಕಲು! ಹುಲಿಯ ಮೈಯಂತೆ ಪಟ್ಟೆಪಟ್ಟೆಯಾದ ಮೇಪಲ್ ಮರದ ಹಿಡಿ, ಅದರ ಪಕ್ಕದಲ್ಲಿ ಬಟ್ಟೆಚೂರಿಡುವ ಗೂಡಿಗೆ ಹಿತ್ತಾಳೆಯ ಪುಟ್ಟ ಮುಚ್ಚಳ, ಡೆಲ್ಮರ್‌ನ ಗಲ್ಲ ಮುಟ್ಟುವಷ್ಟು ಉದ್ದದ ನಳಿಗೆ. ಕೆನ್ನೆ ಆನಿಸುವ ಜಾಗದಲ್ಲಿ ಬರ್ನೆಲ್‌ನ ಕೆನ್ನೆ ಉಜ್ಜಿ ಉಜ್ಜಿ ಮರ ಕನ್ನಡಿಯಾಗಿತ್ತು. ಡೆಲ್ಮರ್ ಅಲ್ಲಿ ತನ್ನ ಕೆನ್ನೆಯಿಟ್ಟಾಗ ಅವನಿಗೆ ಕಣ್ಣು ಮಂಜಾಯಿತು. ಅಂದು ಸಂಜೆ ಊಟಕ್ಕೆ ಬಂದ ಹೆಂಡತಿಯ ತಮ್ಮ ವೆಂಡೆಲ್‌ನನ್ನು ನೆಂಟರ ಕೋಣೆಯಲ್ಲಿ ಕೂರಿಸಿಕೊಂಡು, ಕೋವಿಯನ್ನು ಬುಡದಿಂದ ಬಾಯಿಯವರೆಗೆ ತೋರಿಸಿ, ಊಟಕ್ಕೆ ಕರೆ ಬರುವವರೆಗೂ ಬಿಡದೆ ಪಾಠ ಮಾಡಿದ. ವೆಂಡೆಲ್ ಪಟ್ಟಣದ ಚಪ್ಪಲಿ ಅಂಗಡಿಯವನು. ಆಕಳಿಸುತ್ತಲೇ ಎಲ್ಲಕ್ಕೂ ತಲೆಯಾಡಿಸಿದ.

ವರ್ಷದ ದೊಡ್ಡ ಪಂದ್ಯದ ಬೆಳಿಗ್ಗೆ ಡೆಲ್ಮರ್ ಜಿಂಕೆಚರ್ಮದ ಅಂಗಿ ತೊಟ್ಟು, ಅದರ ಮೇಲೆ ಕೋಳಿಯನ್ನೂ ಕಟ್ಟಿಕೊಂಡು ಸಿದ್ಧನಾದ. ಶೆಡ್ಡಿಗೆ ಹೋಗಿ ಮದ್ದಿನ ಕೊಂಬು ತಂದು ಗಾಡಿಯಲ್ಲಿಟ್ಟ. ಮದ್ದನ್ನು ಹೊಸ್ತಿಲು ದಾಟಿಸಿದರೆ ಆರ್ಲೀನ್ ಗಂಡನನ್ನೇ ಹೊಸ್ತಿಲಾಚೆ ಹಾಕುವವಳು.

“ರೀ, ನೆಂಟರ ಕೋಣೆ ತುಂಬಾ ಪುಕ್ಕ ಹಾರಾಡ್ತಿದೆ. ಇಲಿ ದಿಂಬು ಕಡಿದಿರ್ಬೇಕು,” ಎಂದಳು ಆರ್ಲೀನ್, ಕಾಕಂಬಿ ಪೈಗಳ ತಟ್ಟೆಗಳನ್ನು ಗಾಡಿಗೆ ಜೋಡಿಸುತ್ತ.

“ಇಲಿ ವಿಚಾರ ನಾಳೆ ನೋಡೋಣ ಕಣೆ. ಇವತ್ತು ಈ ಕೋಳಿ ವಿಚಾರ. ಇಷ್ಟು ಜನ ತುಂಬೋವಾಗ ಒಬ್ಬನಾದ್ರೂ ಮದ್ದು ಮರೀತಾನೆ.”

“ಅದು ನಿಮ್ಮ ಕೊರಳು ಬಿಟ್ಟು ಹೋಗತ್ತಾ? ಒಗ್ಗಿಹೋಗಿದೆ ಪಾಪ.”

“ಇದು ಬರ್ನೆಲ್ ತಾತನ ಕೋವಿ ಕಣೆ. ಇದು ನನ್ನ ಮಾನ ಕಳೆಯಲ್ಲ.”

ಪಂದ್ಯ ನೋಡಲು ಬಂದು ಹಿಂದಿನ ಸೀಟು ಹಿಡಿದಿದ್ದ ವೆಂಡೆಲ್ ಆಗಲೇ ಒಂದು ಪೈಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಿದ್ದ.

ಮೈದಾನದಲ್ಲಿ ಡೆಲ್ಮರ್ ಬಲು ಜಾಗರೂಕನಾಗಿ ಕೋವಿ ತುಂಬಿದ. ಕೊಂಬಿನಿಂದ ಅಳತೆಗೆ ಮದ್ದು ಸುರಿದು, ಎಲ್ಲರಿಗೂ ಕೇಳುವ ಹಾಗೆ “ಮದ್ದು ಹಾಕ್ದೆ!” ಎಂದ. ಬಟ್ಟೆಯಲ್ಲಿ ಸುತ್ತಿದ ಗುಂಡನ್ನು ಕೋಲಿನಿಂದ ತಳ್ಳಿದ. ಮದ್ದೂ ಗುಂಡೂ ಸರಿಯಾಗಿ ಕೂತರೆ ನಳಿಗೆಯ ಬಾಯಿಗೆ ನಿಲ್ಲಬೇಕಾದ ಕೋಲಿನ ಗುರುತು ಒಂದು ಬೆರಳು ಮೇಲೆಯೇ ನಿಂತಿತು. ತುಂಬುವ ಮುಂಚೆ ಖಾಲಿ ನಳಿಗೆಗೆ ಕೋಲು ಬಿಟ್ಟು ನೋಡಬೇಕೆಂಬುದು ಸಂಘಕ್ಕೆ ಸೇರಿದ ದಿನವೇ ಕಲಿಸುವ ಪಾಠ. ಆದರೆ ಬರ್ನೆಲ್ ಕೆಪ್ನರ್‌ನ ಕೋವಿಯನ್ನು ಪರೀಕ್ಷೆ ಮಾಡುವುದೇ? ದೊಡ್ಡವರ ಲೆಕ್ಕ ದೊಡ್ಡದಾಗಿಯೇ ಇರುತ್ತದೆ ಎಂದುಕೊಂಡು ಡೆಲ್ಮರ್ ಗುರಿ ಹಿಡಿದ.

ಕಲ್ಲು ಹಿಡಿದ ಕೋವಿಯ ಕುದುರೆ ಕೆಳಕ್ಕೆ ಬಿತ್ತು. ಚಕಮಕಿ ಕಲ್ಲು ಕಿಡಿ ಕಾರಿತು. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಚಿಟಿಕೆ ಮದ್ದು ‘ಬುಸ್’ ಎಂದು ಉರಿದು ಡೆಲ್ಮರ್‌ನ ಹುಬ್ಬಿನ ತುದಿ ಸುಟ್ಟಿತು. ಅಷ್ಟೇ. ಕೋವಿ ತೆಪ್ಪಗಿತ್ತು.

ಪಕ್ಕದಲ್ಲೇ ಮರ್ಲ್ ನಿಂತಿದ್ದ. ಡೆಲ್ಮರ್‌ನ ಪಕ್ಕದ ಮನೆಯವನು. ಡೆಲ್ಮರ್ ಕೆಮ್ಮಿದರೂ ಬೇಲಿಯಾಚೆಯಿಂದ ಕಷಾಯ ಹೇಳುವ ಆಸಾಮಿ.

“ಕಲ್ಲು ತಲೆಕೆಳಗಾಗಿದೆ ಕಣೋ,” ಎಂದ ಮರ್ಲ್.

ಕಲ್ಲು ತಿರುಗಿಸಿದ್ದಾಯಿತು. ಬುಸ್.

“ಕಿಡಿ ಒಳಗೆ ಹೋಗೋ ತೂತು ಕಟ್ಟಿದೆ. ಸೂಜಿ ಹಾಕು.”

ಸೂಜಿ ಹಾಕಿದ್ದಾಯಿತು. ಬುಸ್. ಇನ್ನೊಂದು ಹುಬ್ಬೂ ಹೋಯಿತು.

“ಗಾಳಿ ಆ ಕಡೆಯಿಂದ ಬೀಸ್ತಿದೆ, ಈ ಕಡೆ ತಿರುಗ್ಕೊಂಡು ಹೊಡಿ ಭಾವ,” ಎಂದು ವೆಂಡೆಲ್ ಹಿಂದಿನಿಂದ ಕೂಗಿದ. ಅವನು ಹೇಳಿದ ಕಡೆ ತಿರುಗಿದರೆ ಎದುರಿಗೆ ಪೈಗಳ ಮೇಜಿತ್ತು. ಆರ್ಲೀನ್ ಸೌಟು ಎತ್ತಿದ್ದನ್ನು ಕಂಡು ಡೆಲ್ಮರ್ ತಿರುಗಲಿಲ್ಲ. ವೆಂಡೆಲ್ ಮಾತ್ರ ಆ ಮೇಜಿನ ಕಡೆಗೇ ನಡೆದ.

ಅಷ್ಟರಲ್ಲಿ ಸಂಘದ ಅರ್ಧ ಜನ ಅವನ ಸುತ್ತ ನೆರೆದಿದ್ದರು. ಒಬ್ಬ ಕೋಕ್ಕೋಕ್ಕೋ ಎಂದು ಮೆಲ್ಲಗೆ ಕೋಳಿಯಂತೆ ಕೂಗಿದ. ಇನ್ನೊಬ್ಬ, “ಡೆಲ್ಮರ್, ಈ ಸಲ ಬೀನ್ಸಿಗೆ ಉಪ್ಪು ಸ್ವಲ್ಪ ಮುಂದಿರ್ಲಿ,” ಎಂದ.

“ಮದ್ದು ಹಾಕಿದೀನಿ ಕಣ್ರಯ್ಯ! ಕೂಗಿ ಹೇಳಿ ಹಾಕಿದೀನಿ! ಕೇಳಿಸ್ಲಿಲ್ವಾ?”

“ಕೂಗಿದ್ದು ಕೇಳಿಸ್ತು. ಹಾಕಿದ್ದು ಕಾಣ್ಲಿಲ್ಲ,” ಎಂದ ಮರ್ಲ್. “ಗುಂಡು ಕೀಳೋಣ, ಗೊತ್ತಾಗತ್ತೆ.”

ಕೋಲಿನ ತುದಿಗೆ ತಿರುಪು ಹಾಕಿ, ಇಬ್ಬರು ಕೋವಿ ಹಿಡಿದು, ಇಬ್ಬರು ಕೋಲು ಎಳೆದು, ಗುಂಡನ್ನು ಕಿತ್ತರು. ಅದರ ಹಿಂದೆಯೇ ಕರಿಯ ಮದ್ದು ಸೊರ್ರನೆ ಹುಲ್ಲಿನ ಮೇಲೆ ಸುರಿಯಿತು.

“ನೋಡಿ! ನೋಡಿ! ಮದ್ದು!” ಡೆಲ್ಮರ್ ಕುಣಿದಾಡಿದ. ಅವನ ಜೊತೆ ಗರ್ಟ್ರೂಡಳೂ ಕುಣಿದು ಮರ್ಲ್‌ನ ಮೊಣಕೈಗೆ ಬಡಿದಳು. “ಬರಿಗುಂಡಲ್ಲ! ಎಲ್ರೂ ಕಣ್ಣಾರೆ ನೋಡಿದ್ರಿ ತಾನೆ!”

ಮರ್ಲ್ ಮೊಣಕೈ ಉಜ್ಜಿಕೊಳ್ಳುತ್ತ ಖಾಲಿ ನಳಿಗೆಗೆ ಕೋಲು ಬಿಟ್ಟ. ಖಾಲಿ ನಳಿಗೆಗೆಂದು ಕೋಲಿನಲ್ಲಿದ್ದ ಇನ್ನೊಂದು ಗುರುತೂ ಮೇಲೆಯೇ ನಿಂತಿತು.

“ತಡಿ ತಡಿ. ಕೆಳಗೆ ಇನ್ನೂ ಏನೋ ಇದೆ.”

ಮತ್ತೆ ತಿರುಪು, ಮತ್ತೆ ಎಳೆದಾಟ. ಇನ್ನೊಂದು ಗುಂಡು ಬಂತು, ಜೊತೆಗೆ ಮಸಿಯೂ ಎಣ್ಣೆಯೂ ಮೆತ್ತಿ ಕರ್ರಗಾದ ಬಟ್ಟೆಚೂರು. ಅದರ ಹಿಂದೆ ಮದ್ದಿನ ಒಂದು ಕಾಳೂ ಇರಲಿಲ್ಲ. ಶುದ್ಧ ಬರಿಗುಂಡು. ಬಟ್ಟಲಿನ ಕಿಡಿಗೂ ಮದ್ದಿಗೂ ನಡುವೆ ಅದೇ ಅಡ್ಡ ಕೂತಿತ್ತು.

ಡೆಲ್ಮರ್ ಈ ಕೋವಿ ತಂದು ಒಂದು ವಾರ. ಅವನು ಅದನ್ನು ಹೊಡೆಯಲು ಹಿಡಿದದ್ದು ಇವತ್ತೇ ಮೊದಲು. ಹಾಗಾದರೆ ಕೆಳಗಿನ ಗುಂಡು ಯಾರದು? ಎಲ್ಲರೂ ನೆಲ ನೋಡಿದರು. ಯಾರಿಗೂ ಆ ಹೆಸರು ಹೇಳುವ ಬಾಯಿರಲಿಲ್ಲ. ಜನರ ಹಿಂದೆ, ಓಕ್ ಮರದ ಕೆಳಗೆ, ಬರ್ನೆಲ್ ಕೆಪ್ನರ್ ಊರುಗೋಲು ಹಿಡಿದು ನಿಂತಿದ್ದ.

ಡೆಲ್ಮರ್ ತನ್ನ ಕೊರಳಿನ ಗಂಟನ್ನು ಮುಟ್ಟಿ ನೋಡಿದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೋಳಿ ಇಳಿಯುತ್ತದೆ, ಈ ಚಳಿಗಾಲ ಕಾಡಿಗೆ ಹೋಗಬಹುದು. ಆದರೆ ಯಾರ ಹಿಂದೆ ನಡೆಯಬೇಕೆಂದು ಇಷ್ಟು ವರ್ಷ ಕನಸು ಕಂಡಿದ್ದನೋ ಆ ಮನುಷ್ಯನ ಕೊರಳಿಗೆ ಗರ್ಟ್ರೂಡಳನ್ನು ಕಟ್ಟಿಸಿ ಹೋಗುವುದೇ? ಅವನಿಗೆ ಮನಸ್ಸು ಬರಲಿಲ್ಲ. ಬಡ್ಡಿಮಗಂದು, ಇನ್ನೊಂದು ವರ್ಷ ಬೀನ್ಸ್ ಬೇಯಿಸಿದರಾಯಿತು.

“ಅದೂ ನಂದೇ,” ಎಂದ ಗಟ್ಟಿಯಾಗಿ. “ಮನೇಲಿ ನಾನೇ ತುಂಬಿ ಮರ್ತುಬಿಟ್ಟಿರ್ಬೇಕು.”

ತನ್ನ ಸುಳ್ಳನ್ನು ತಾನೇ ಮೆಚ್ಚಿ ಎದೆಯುಬ್ಬಿಸಿದ. ಜನಕ್ಕೂ ಅದು ಸುಳ್ಳೆಂದೇ ಅನ್ನಿಸಿತು.

ಬರ್ನೆಲ್ ಮೆಲ್ಲಗೆ ಊರುಗೋಲೂರಿಕೊಂಡು ಬಂದ.

“ಸುಳ್ಳು ಹೇಳ್ಬೇಡ ಡೆಲ್ಮರ್. ಕೊಡೋ ಮುಂಚೆ ತೊಳ್ದು ಕೊಟ್ಟೆ ಅನ್ಕೊಂಡಿದ್ದೆ. ವಯಸ್ಸಾಯ್ತು, ಎಲ್ಲಿ ಯಾವಾಗ ಏನು ಮರ್ತೆನೋ. ಕೋವಿ ನಂದಾಗಿತ್ತು, ಕೋಳೀನೂ ನಂದೇ. ಬಿಚ್ಚು ಅದನ್ನ.”

“ತಾತ, ಬೇಡಿ, ನಿಮಗ್ಯಾಕೆ…”

“ಬಿಚ್ಚು ಅಂದೆ.”

ಡೆಲ್ಮರ್ ಗಂಟು ಬಿಚ್ಚಿದ. ಬರ್ನೆಲ್ ಟೋಪಿ ತೆಗೆದು, ಬಿಳಿತಲೆ ಬಾಗಿಸಿ, ಕೋಳಿಯನ್ನು ತಾನೇ ಹಾಕಿಕೊಂಡ. ಇಂಥ ಪ್ರಾಮಾಣಿಕತೆ ಕಂಡು ಗಂಡಸರು ಮೂಗು ಸೀಟಿಕೊಂಡರು. ಆಮೇಲೆ ಯಾರೋ ಹಿಂದಿನಿಂದ, ತಡೆಯಲಾರದೆ, “ಕೋಕ್ಕೋಕ್ಕೋ” ಎಂದರು. ಬರ್ನೆಲ್ ತಿರುಗಿ ನೋಡಿ, “ಕೋಕ್ಕೋಕ್ಕೋ!” ಎಂದು ತಾನೂ ಕೂಗಿದ. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಊಟದ ಹೊತ್ತಿಗೆ ಬರ್ನೆಲ್‌ನ ಪಕ್ಕದಲ್ಲಿ ಕೂರಲು ಜಾಗವೇ ಇರಲಿಲ್ಲ. ಒಬ್ಬ ಗರ್ಟ್ರೂಡಳ ಕೊಕ್ಕಿಗೆ ಪೈ ಮೆತ್ತಿದ. ಇನ್ನೊಬ್ಬ ತನ್ನ ಹಳೆಯ ಬರಿಗುಂಡಿನ ಕತೆ ಹೇಳಿದ. ಮರ್ಲ್ ಬರ್ನೆಲ್‌ನ ಬೆನ್ನು ತಟ್ಟಿಯೇಬಿಟ್ಟ. ಹಗುರಾದ ಕೊರಳನ್ನು ಅತ್ತಿತ್ತ ಹೊರಳಿಸುತ್ತ ಡೆಲ್ಮರ್ ಎದುರಿಗೆ ಕೂತಿದ್ದ. ಅವನ ಕಣ್ಣಮುಂದೆ ಆಗಲೇ ಹಿಮ ಬೀಳುತ್ತಿತ್ತು.

“ಒಂದೇ ಒಂದು ವಿಷಯ ನಂಗೆ ಬಗೆಹರೀತಿಲ್ಲ,” ಎಂದ ಬರ್ನೆಲ್, ಜೇಬಿನಿಂದ ಆ ಬಟ್ಟೆಚೂರು ತೆಗೆದು ನೀರಿನಲ್ಲಿ ಅದ್ದಿ ಉಜ್ಜುತ್ತ. “ನಾನು ಯಾವತ್ತೂ ಹಳೇ ಬಿಳಿ ದುಪ್ಪಟೀನೇ ಕತ್ತರಿಸೋದು. ಇದ್ರಲ್ಲಿ ಕೆಂಪು ಗೆರೆ ಇದೆ, ನೋಡಿ.”

ಪೈ ಬಡಿಸುತ್ತಿದ್ದ ಆರ್ಲೀನ್ ಬಗ್ಗಿ ನೋಡಿದಳು. ಚೂರನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು.

“ಅಯ್ಯೋ! ಇದು ನನ್ನ ದಿಂಬು!”

“ಯಾವ ದಿಂಬು?” ಎಂದ ಮರ್ಲ್. ಬೇರೆಯವರ ಮನೆಯ ದಿಂಬಿನ ವಿಷಯವೆಂದರೆ ಅವನಿಗೆ ಕಿವಿ ನೆಟ್ಟಗಾಗುತ್ತಿತ್ತು.

“ನೆಂಟರ ಕೋಣೆ ದಿಂಬು! ಇಲಿ ಕಡೀತು ಅಂತ ನಾನು ಬೆಳಿಗ್ಗೆಯಿಂದ…”

“ಇಲಿ ಅಲ್ಲಕ್ಕಾ,” ಎಂದ ವೆಂಡೆಲ್, ಬಾಯಲ್ಲಿದ್ದುದನ್ನು ನುಂಗಿ. “ಅವತ್ತು ನಂಗೆ ತುಂಬೋದು ಹೇಗೆ ಅಂತ ತೋರ್ಸಕ್ಕೆ ಭಾವಾನೇ ಕತ್ತರಿಸಿದ್ದು. ಮದ್ದು ಮನೆಯೊಳಗೆ ತಂದ್ರೆ ನೀನು ಬೈತೀಯ ಅಂತ ಬರೀ ಗುಂಡು ಹಾಕಿ ತೋರಿಸ್ದ. ಅಷ್ಟ್ರಲ್ಲಿ ನೀನು ಊಟಕ್ಕೆ ಕರ್ದೆ. ಆಮೇಲೆ ಕೀಳ್ತೀನಿ ಅಂದ.”

ಎಲ್ಲರೂ ಡೆಲ್ಮರ್‌ನ ಕಡೆ ತಿರುಗಿದರು. ಡೆಲ್ಮರ್‌ಗೆ ಕೋಣೆಯೂ ದಿಂಬೂ ಕತ್ತರಿಯೂ ಅಂದಿನ ಕೋಳಿಸಾರಿನ ಘಮವೂ ಒಟ್ಟಿಗೇ ನೆನಪಿಗೆ ಬಂದವು. ಸುಟ್ಟ ಹುಬ್ಬುಗಳ ಕೆಳಗೆ ಅವನ ಮುಖ ಬೀಟ್‌ರೂಟಾಯಿತು.

“ಅಂದ್ರೆ,” ಎಂದ ಬರ್ನೆಲ್ ನಿಧಾನವಾಗಿ, “ನೀನು ಆಗ ಹೇಳಿದ್ದು ನಿಜ. ನಾನು ನಂಬ್ಲಿಲ್ಲ.”

“ನಾನೂ ನಂಬಿರ್ಲಿಲ್ಲ ತಾತ,” ಎಂದ ಡೆಲ್ಮರ್. ಎದ್ದು ಮೇಜು ಸುತ್ತಿ ಬಂದು, ತಲೆತಗ್ಗಿಸಿ, ಎರಡು ಕೈ ಚಾಚಿದ. “ಕೊಡಿ. ನನ್ನ ಕೋಳಿ.”

ಬರ್ನೆಲ್ ಕೋಳಿಯ ಮೇಲೆ ಕೈಯಿಟ್ಟುಕೊಂಡ. ಬಿಚ್ಚಲಿಲ್ಲ. ತನ್ನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡು ಕಡೆಯೂ ಜನ, ಎರಡು ಕಡೆಯೂ ನಗು.

“ಇಷ್ಟು ವರ್ಷ ಈ ಮೇಜಿನಲ್ಲಿ ಒಬ್ನೇ ಕೂತು ತಿಂದಿದೀನಿ ಕಣಯ್ಯ,” ಎಂದ. “ಇವತ್ತೇ ಮೊದ್ಲು ಯಾರೋ ನನ್ನ ಬೆನ್ನು ತಟ್ಟಿದ್ದು. ಇವಳು ನನ್ನ ಹತ್ರಾನೇ ಇರ್ಲಿ ಬಿಡು. ಹೆಂಗೂ ಈ ಚಳಿಗೆ ನನ್ನ ಮೊಣಕಾಲು ಕಾಡು ಹತ್ತಲ್ಲ. ಬಿಡಾರದ ಬಾಗಿಲಲ್ಲಿ ಕೂತು ಇವಳಿಗೆ ಕತೆ ಹೇಳ್ಕೊಂಡಿರ್ತೀನಿ.”

ಎಂಥ ಮನುಷ್ಯ! ಎಂಥ ದೊಡ್ಡ ಮನಸ್ಸು! ಡೆಲ್ಮರ್‌ನ ಕಣ್ಣು ತುಂಬಿ ಬಂತು.

“ಹಾಗಾದ್ರೆ ತಾತ, ನಾನು… ಈ ಸಲ ಬೇಟೆಗೆ…”

“ಬೇಟೆಗೆ?” ಬರ್ನೆಲ್ ಪೈಯ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡು ಅವನ ಭುಜ ತಟ್ಟಿದ. “ಕೋಳಿ ನಂಗೆ ಅಂದೆ ಕಣೋ. ಬೀನ್ಸ್ ನಿಂದೇ.”